ಕಾರು ಶೆಡ್ಡಿನ ಮಾಡಿಗೆ ಒಳಗಿನಿಂದ ಸೀಲಿಂಗ್ ಹಾಕಬೇಕೇ, ಹಾಗೇ ಬಿಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿಗೆಂದು ಕಟ್ಟಿದ ಶೆಡ್ಡು ನಾಲ್ಕಾರು ವರ್ಷದಲ್ಲಿ ಬರೀ ಕಾರಿನದಾಗಿ ಉಳಿಯುವುದಿಲ್ಲ. ಇನ್ವರ್ಟರ್ ಬರುತ್ತದೆ, ವಾಷಿಂಗ್ ಮಷೀನ್ ಬರುತ್ತದೆ, ಅಡಿಕೆ ಮೂಟೆ ಬರುತ್ತದೆ, ಒಂದು ಮೂಲೆಯಲ್ಲಿ ಮೇಜು ಕುರ್ಚಿಯೂ ಬರುತ್ತದೆ. ಆಗ ತಲೆಯೆತ್ತಿದರೆ ಕಾಣುವುದು ರೀಪು (ಹಂಚು ಕೂರುವ ಮರದ ಪಟ್ಟಿ), ಜೇಡರ ಬಲೆ, ಶೀಟಿನಿಂದ ಕೆಳಗೆ ಇಣುಕುವ ಸ್ಕ್ರೂ ತುದಿ. ಫಾಲ್ಸ್ ಸೀಲಿಂಗಿನವರನ್ನು ಕರೆಸುವ ಮೊದಲು ಇದನ್ನು ಓದಿ.

ಸುತ್ತಿ ಬಳಸದೆ ಹೇಳಿ: ಮುಚ್ಚಬೇಕೋ ಬೇಡವೋ?

ಕಾರು, ಬೈಕು ನಿಲ್ಲಿಸುವುದಕ್ಕಷ್ಟೇ ಆದರೆ ಬೇಡ. ದಿನಕ್ಕೆ ಎರಡು ಮೂರು ಗಂಟೆ ಮನುಷ್ಯರು ಅಲ್ಲಿ ಕೂತು ಕೆಲಸ ಮಾಡುತ್ತಾರೆ, ಅಥವಾ ಧೂಳು ಬಿದ್ದರೆ ಕೆಡುವ ಸಾಮಾನು ಅಲ್ಲಿದೆ ಅಂದರೆ ಯೋಚಿಸಬಹುದು. ಮಾಡು ಸೋರುತ್ತಿದೆ, ಅದಕ್ಕೇ ಸೀಲಿಂಗ್ ಹಾಕಿಸೋಣ ಅನ್ನುವುದಾದರೆ ಖಂಡಿತ ಬೇಡ. ಸೀಲಿಂಗ್ ನೀರನ್ನು ತಡೆಯುವುದಿಲ್ಲ, ನಮ್ಮ ಕಣ್ಣಿಂದ ಮರೆಮಾಡುತ್ತದೆ ಅಷ್ಟೆ. ತೆರೆದ ಮಾಡಿನಲ್ಲಿ ಒಂದು ಹಂಚು ಒಡೆದರೆ ಆವತ್ತೇ ಗೊತ್ತಾಗುತ್ತದೆ, ಏಣಿ ಹತ್ತಿ ಬದಲಿಸಿದರೆ ಮುಗಿಯಿತು. ಮುಚ್ಚಿದ ಮಾಡಿನಲ್ಲಿ ಅದು ಗೊತ್ತಾಗುವ ಹೊತ್ತಿಗೆ ರೀಪು ಮೆತ್ತಗಾಗಿರುತ್ತದೆ.

ನಮ್ಮದು ಮಂಗಳೂರು ಹಂಚಿನ ಮಾಡು. ಕೆಳಗಿನಿಂದ ಬೋರ್ಡ್ ಹೊಡೆಸಿದರೆ ಏನಾಗುತ್ತದೆ?

ಹಂಚಿನ ಮಾಡು ಉಸಿರಾಡುವ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಕಾಲದಿಂದಲೂ ಈ ಹಂಚಿನ ಗುಟ್ಟು ಒಂದೇ: ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತದೆ, ನಡುವೆ ಗಾರೆಯಿಲ್ಲ, ಸಂದಿಯಲ್ಲಿ ಗಾಳಿ ಆಡುತ್ತದೆ. ಆಷಾಢದ ಗಾಳಿಮಳೆಗೆ ಆ ಸಂದಿಯಿಂದ ಸಣ್ಣಗೆ ಎರಚಲು ಒಳಬರುವುದು ಸಹಜ. ರೀಪು, ಅದನ್ನು ಹೊರುವ ಇಳಿಜಾರು ಮರವಾದ ಪಕ್ಕಾಸು ಒದ್ದೆಯಾಗುತ್ತವೆ, ಮಳೆ ಹೊಳವಾದಾಗ ಅದೇ ಗಾಳಿಗೆ ಒಣಗುತ್ತವೆ. ಪಕ್ಕಾಸಿನ ಕೆಳಗೆ ಬೋರ್ಡ್ ಬಡಿದು ನಾಲ್ಕೂ ಕಡೆ ಬಿಗಿಮಾಡಿದರೆ ಒದ್ದೆಯಾಗುವುದು ನಿಲ್ಲುವುದಿಲ್ಲ, ಒಣಗುವುದು ಮಾತ್ರ ನಿಲ್ಲುತ್ತದೆ. ಮೊದಲು ಬೂಸ್ಟು, ಆಮೇಲೆ ಒರಲೆ (ಗೆದ್ದಲು). ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯಂಥ ಕಡೆ ಇದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

ಇನ್ನೊಂದು ನಷ್ಟ ಬೆಳಕಿನದು. ಮಾಡಿನಲ್ಲಿ ಎರಡು ಕನ್ನಡಿ ಹಂಚು ಇಟ್ಟಿದ್ದರೆ ಹಗಲು ಹೊತ್ತು ದೀಪವೇ ಬೇಡ. ಬೆಳಿಗ್ಗೆ ಹತ್ತರ ಬಿಸಿಲು ಅಲ್ಲಿಂದ ಇಳಿದು ನೆಲದ ಮೇಲೆ ಚೌಕವಾಗಿ ಬಿದ್ದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಬಾನೆಟ್ ಮೇಲೆ ಬಂದಿರುತ್ತದೆ. ಸೀಲಿಂಗ್ ಬಂದಮೇಲೆ ಹಗಲೂ ಸ್ವಿಚ್ ಒತ್ತಬೇಕು.

ಹಂಚಿನ ಸಂದಿಯಿಂದ ಧೂಳು, ಎಲೆಚೂರು, ಹಲ್ಲಿ ಹಿಕ್ಕೆ ಕಾರಿನ ಮೇಲೆ ಬೀಳುತ್ತದಲ್ಲ?

ಇದಕ್ಕೆ ನಮ್ಮ ಕರಾವಳಿಯ ಹಳೇ ಉತ್ತರವೇ ಒಳ್ಳೆಯದು: ಸೀಲಿಂಗ್ ಹಂಚು. ರೀಪಿನ ಮೇಲೆ ಮೊದಲು ಚಪ್ಪಟೆ ಸೀಲಿಂಗ್ ಹಂಚು, ಅದರ ಮೇಲೆ ಮಾಮೂಲಿ ಹಂಚು. ಎರಡರ ನಡುವೆ ಗಾಳಿಯ ಪದರ ಉಳಿಯುತ್ತದೆ, ಕಾವು ಕಡಿಮೆ, ಕೆಳಗಿನಿಂದ ನೋಡಲು ಅಚ್ಚುಕಟ್ಟು, ಮರವೂ ಕಣ್ಣಿಗೆ ಕಾಣುತ್ತಿರುತ್ತದೆ. ಮಾಡನ್ನು ಬಿಚ್ಚಿ ಮತ್ತೆ ಹೊದಿಸುವಾಗ ಮಾತ್ರ ಇದು ಸಾಧ್ಯ, ಅಷ್ಟೇ ತೊಂದರೆ.

ಮಾಮೂಲಿ ಹಂಚು 100 ಚದರಡಿಗೆ ಸುಮಾರು 140 ಬೇಕು, ಒಂದೊಂದೂ ಎರಡೂವರೆ ಮೂರು ಕಿಲೋ. ಅದರ ಜೊತೆಗೆ ಇನ್ನೊಂದು ಪದರ ಹೇರುವ ಮೊದಲು ಪಕ್ಕಾಸಿನ ದಪ್ಪ, ಅಂತರ, ಗೋಡೆಯ ಮೇಲೆ ಅದು ಕೂತಿರುವ ತುದಿ ಇಷ್ಟನ್ನೂ ಆಚಾರಿಯಿಂದ ನೋಡಿಸಿ. ಕೊಳೆಯುವುದು ಬಹುಪಾಲು ಆ ತುದಿಯಲ್ಲೇ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ: ಬೆರಳ ಒತ್ತಡಕ್ಕೆ ಒಳಹೋದರೆ ಆ ಪಕ್ಕಾಸನ್ನು ಬದಲಿಸಬೇಕು.

ಶೀಟಿನ ಶೆಡ್ಡು. ಮಧ್ಯಾಹ್ನ ಒಳಗೆ ನಿಲ್ಲಲಾಗುವುದಿಲ್ಲ, ಮಳೆ ಬಂದರೆ ಫೋನಿನಲ್ಲಿ ಮಾತಾಡಲಾಗುವುದಿಲ್ಲ.

ಇವು ಎರಡು ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಕಾವಿನ ವಿಷಯ. ಬಿಸಿಲಿಗೆ ಕಾದ ಶೀಟು ಕೆಂಡದ ಹಾಗೆ ಕೆಳಕ್ಕೆ ಶಾಖ ಸೂಸುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಶೀಟಿನ ಗತಿ ಹೇಳಬೇಕಿಲ್ಲ. ಶಾಖವನ್ನು ಒಳಗೆ ಬಿಟ್ಟುಕೊಂಡು ಆಮೇಲೆ ತಡೆಯುವುದಕ್ಕಿಂತ ಹೊರಗೇ ತಿರುಗಿಸಿ ಕಳಿಸುವುದು ಸುಲಭ. ಹಾಗಾಗಿ ಮೊದಲ ಕೆಲಸ ಶೀಟಿನ ಮೇಲ್ಮೈಗೆ ಬಿಳಿ ಕೂಲ್ ರೂಫ್ ಪೇಂಟ್. ತೊಳೆದು, ತುಕ್ಕು ಉಜ್ಜಿ, ಪ್ರೈಮರ್ ಕೊಟ್ಟು ಎರಡು ಕೋಟ್. ಎಷ್ಟೋ ಶೆಡ್ಡುಗಳಿಗೆ ಇಷ್ಟೇ ಸಾಕಾಗುತ್ತದೆ, ಸೀಲಿಂಗಿನ ಮಾತೇ ಬರುವುದಿಲ್ಲ. ಸಾಲದಿದ್ದರೆ ಶೀಟಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ 10 ಮಿ.ಮೀ. ಫೋಮ್. ಹೊಳೆಯುವ ಮುಖ ಕೆಳಕ್ಕಿರಲಿ, ಅದರ ಮುಂದೆ ಕನಿಷ್ಠ ಒಂದು ಇಂಚು ಖಾಲಿ ಗಾಳಿ ಇರಲಿ. ಹೊಳೆಯುವ ಮುಖಕ್ಕೆ ಇನ್ನೊಂದು ವಸ್ತು ತಾಗಿದ್ದರೆ ಅದರ ಗುಣವೇ ಹೋಯಿತು. ಮೇಲ್ಮುಖವಾಗಿ ಇಟ್ಟರೆ ಧೂಳು ಕೂತು ಒಂದೆರಡು ವರ್ಷದಲ್ಲಿ ಮಂಕಾಗುತ್ತದೆ.

ಸದ್ದಿನ ವಿಷಯ. ಹನಿ ಬಿದ್ದು ಶೀಟು ನಡುಗುವುದರಿಂದ ಸದ್ದು ಹುಟ್ಟುತ್ತದೆ. ಪೇಂಟು, ತೆಳು ಫಾಯಿಲ್ ಇದನ್ನು ಹೆಚ್ಚೇನೂ ತಗ್ಗಿಸುವುದಿಲ್ಲ. ತೂಕದ ಬೋರ್ಡು, ಅದರ ಮೇಲೆ 50 ಮಿ.ಮೀ. ಗ್ಲಾಸ್‌ವೂಲ್ ಹಾಸಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಶೆಡ್ಡಿನಲ್ಲಿ ಟ್ಯೂಷನ್ ಹೇಳುವವರಿಗೆ, ಆಫೀಸು ಕೆಲಸ ಮಾಡುವವರಿಗೆ ನಾವು ಸೀಲಿಂಗ್ ಹಾಕಿಸಿ ಅನ್ನುವುದು ಮುಖ್ಯವಾಗಿ ಈ ಕಾರಣಕ್ಕೆ.

ಮಳೆಯಿಲ್ಲದ ಜನವರಿಯಲ್ಲೂ ಬೆಳಗಿನ ಜಾವ ಶೀಟಿನಿಂದ ಹನಿ ಬೀಳುತ್ತದೆ. ಸೋರಿಕೆಯೇ?

ಅಲ್ಲ, ಅದು ಶೀಟು ಬೆವರುವುದು. ಮೋಡವಿಲ್ಲದ ರಾತ್ರಿ ಶೀಟು ಆಕಾಶಕ್ಕೆ ಶಾಖ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ತೇವದ ಗಾಳಿ ಅದಕ್ಕೆ ತಾಗಿದಾಗ ಹನಿಗಟ್ಟುತ್ತದೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ, ತೊಳೆದ ಕಾರನ್ನು ಒದ್ದೆಯಲ್ಲೇ ಒಳಗೆ ತಂದು ಬಾಗಿಲು ಹಾಕುವ ಮನೆಗಳಲ್ಲಿ ಇದು ಜಾಸ್ತಿ. ಕೆಳಗೆ ಸೀಲಿಂಗ್ ಹಾಕಿದರೆ ಹನಿ ನಿಲ್ಲುವುದಿಲ್ಲ, ಬೋರ್ಡಿನ ಬೆನ್ನ ಮೇಲೆ ಬೀಳುತ್ತದೆ. ಕೆಲವು ತಿಂಗಳಲ್ಲಿ ಬೋರ್ಡ್ ನಡುವೆ ಹೊಟ್ಟೆ ಬಿಡುತ್ತದೆ. ಶೀಟಿಗೆ ಒಳಮೈಯಿಂದ ಫೋಮ್ ಅಂಟಿಸಿ, ಸಂದಿಗಳನ್ನು ಫಾಯಿಲ್ ಟೇಪಿನಿಂದ ಮುಚ್ಚಿ, ತೇವದ ಗಾಳಿಗೆ ತಣ್ಣನೆಯ ಶೀಟು ಸಿಗದ ಹಾಗೆ ಮಾಡುವುದೇ ಪರಿಹಾರ. ಅದಾದ ಮೇಲೆ ಸೀಲಿಂಗ್.

ಆರ್‌ಸಿಸಿ ತಾರಸಿಯ ಕೆಳಗಿನ ಪಾರ್ಕಿಂಗ್‌ಗೆ ಫಾಲ್ಸ್ ಸೀಲಿಂಗ್?

ಬೇಡ. ಸ್ಲ್ಯಾಬಿನ ಅಡಿಗೆ 6 ಮಿ.ಮೀ. ಗಾರೆ, ಬಿಳಿ ಬಣ್ಣ ಸಾಕು. ಮೇಲೆ ಬಚ್ಚಲುಮನೆ ಇದ್ದು ಅದರ ಪೈಪುಗಳು ಇಲ್ಲಿ ತೂಗುತ್ತಿದ್ದರೆ ಅವನ್ನು ಮುಚ್ಚಲೇಬಾರದು. ಕರಾವಳಿಯಲ್ಲಿ ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿದರೆ ಮೊದಲು ಕಂದು ಗೆರೆ, ಆಮೇಲೆ ಬಿರುಕು, ಕೊನೆಗೆ ಕಾಂಕ್ರೀಟಿನ ಚಕ್ಕೆ ಕಳಚುವುದು. ಮೊದಲ ಗೆರೆ ಮೂಡಿದಾಗಲೇ ಕಣ್ಣಿಗೆ ಬೀಳಬೇಕು.

ಮುಚ್ಚುವುದೇ ಎಂದಾದರೆ ಯಾವ ಬೋರ್ಡು?

ಜಿಪ್ಸಮ್ ಎಲ್ಲರಿಗೂ ಗೊತ್ತಿರುವುದು, ಕೆಲಸಗಾರರೂ ಎಲ್ಲ ಊರಲ್ಲಿ ಸಿಗುತ್ತಾರೆ. 12.5 ಮಿ.ಮೀ. ಬೋರ್ಡ್ ಚದರ ಮೀಟರಿಗೆ ಸುಮಾರು 9 ಕೆ.ಜಿ. ಬೆಂಕಿಗೆ ಬೇಗ ಬಗ್ಗುವುದಿಲ್ಲ, ಸದ್ದು ತಡೆಯುತ್ತದೆ. ನೀರಿಗೆ ಮಾತ್ರ ಆಗಿಬರುವುದಿಲ್ಲ. ಬಯಲುಸೀಮೆಯ ಬಾಗಿಲಿರುವ ಶೆಡ್ಡಿಗೆ ಸರಿ. ಮೂರು ಕಡೆ ತೆರೆದ ಪೋರ್ಟಿಕೋಗೆ ಹಸಿರು ಬಣ್ಣದ ತೇವ ತಡೆಯುವ ಬೋರ್ಡೂ ಸಾಲದು.

ಕರಾವಳಿ, ಮಲೆನಾಡಿಗೆ ನಮ್ಮ ಆಯ್ಕೆ 8 ಮಿ.ಮೀ. ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಅಥವಾ 6 ಮಿ.ಮೀ. ಫೈಬರ್ ಸಿಮೆಂಟ್ ಬೋರ್ಡ್. ತೂಕ ಹೆಚ್ಚುಕಡಿಮೆ ಜಿಪ್ಸಮ್ಮಿನಷ್ಟೇ. ತೇವಕ್ಕೆ ಹೊಟ್ಟೆ ಬಿಡುವುದಿಲ್ಲ, ಒರಲೆ ತಿನ್ನುವುದಿಲ್ಲ. ಸ್ಕ್ರೂ ಹಾಕುವ ಮೊದಲು ತೂತು ಕೊರೆಯಬೇಕು, ಇಲ್ಲದಿದ್ದರೆ ಅಂಚು ಸಿಡಿಯುತ್ತದೆ. ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ ಕೆಲಸಕ್ಕೆ ಬಿಡಬೇಡಿ.

ಪಿವಿಸಿ ಪ್ಯಾನಲ್ ಹಗುರ, ತೊಳೆಯಬಹುದು, ಒಂದೇ ದಿನದ ಕೆಲಸ. ಆದರೆ ಕಾದ ಶೀಟಿಗೆ ಹತ್ತಿರವಿದ್ದರೆ ಮೆತ್ತಗಾಗಿ ಜೋತುಬೀಳುತ್ತದೆ. ಬಿಸಿಗೆ ಹಿಗ್ಗುವುದೂ ಜಾಸ್ತಿ: 12 ಅಡಿ ಉದ್ದದ ಪ್ಯಾನಲ್ 30 ಡಿಗ್ರಿ ಏರಿಕೆಗೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಎರಡೂ ಗೋಡೆಗೆ ಒತ್ತಿ ಕೂರಿಸಿದ್ದರೆ ಆ 7 ಮಿ.ಮೀ. ಹೋಗಲು ಜಾಗವಿಲ್ಲದೆ ನಡುವೆ ಬಾಗುತ್ತದೆ. ಒಂದೊಂದು ತುದಿಯಲ್ಲೂ 5 ಮಿ.ಮೀ. ಬಿಟ್ಟು ಅಂಚುಪಟ್ಟಿಯಿಂದ ಮರೆಮಾಡಬೇಕು. ಪಿವಿಸಿ ಸುಟ್ಟರೆ ವಿಷದ ಹೊಗೆ ಬರುತ್ತದೆ, ಹಾಗಾಗಿ ಮನೆಗೆ ಅಂಟಿಕೊಂಡ ಶೆಡ್ಡಿಗೆ ನಾವು ಇದನ್ನು ಹೇಳುವುದಿಲ್ಲ. ಥರ್ಮಾಕೋಲ್ ಹಾಳೆಯನ್ನು ಹಾಗೇ ಬರಿದಾಗಿ ಅಂಟಿಸುವುದು ಇದಕ್ಕಿಂತ ಅಪಾಯ.

12 × 18 ಅಡಿ ಶೆಡ್ಡಿಗೆ ಜಿಪ್ಸಮ್ ಸೀಲಿಂಗಿನ ಸಾಮಾನೆಷ್ಟು?

ವಿಸ್ತೀರ್ಣ 216 ಚದರಡಿ. 6 × 4 ಅಡಿ ಬೋರ್ಡ್ ಲೆಕ್ಕಕ್ಕೆ ಒಂಬತ್ತು, ತುಂಡು ಹೋಗುವುದಕ್ಕೆ ಸೇರಿಸಿ ಹತ್ತು ತರಿಸಿ. ಗೋಡೆಗುಂಟ ಪೆರಿಮೀಟರ್ ಚಾನಲ್ 60 ಅಡಿ, ಅಂದರೆ 12 ಅಡಿಯ ಐದು ಉದ್ದ, ಒಂದು ಹೆಚ್ಚಿಗೆ. ಇದನ್ನು 610 ಮಿ.ಮೀ.ಗೆ ಒಂದರಂತೆ ಪ್ಲಗ್ ಸ್ಕ್ರೂ ಹಾಕಿ ಗೋಡೆಗೆ ಬಿಗಿಯಬೇಕು. ಬೋರ್ಡ್ ಕೂರುವ ಸೀಲಿಂಗ್ ಸೆಕ್ಷನ್ 12 ಅಡಿ ಅಡ್ಡಕ್ಕೆ, 457 ಮಿ.ಮೀ. ಅಂತರದಲ್ಲಿ 11 ಉದ್ದ. ಅದನ್ನು ಹೊರುವ ಇಂಟರ್‌ಮೀಡಿಯೆಟ್ ಚಾನಲ್ 18 ಅಡಿ ಉದ್ದಕ್ಕೆ ಮೂರು ಸಾಲು (ಗೋಡೆಯಿಂದ 2, 6, 10 ಅಡಿಯಲ್ಲಿ), ಜೋಡಣೆಯ ಹೊದಿಕೆ ಸೇರಿ ಐದು ಉದ್ದ. ಸಾಲಿಗೆ ಐದರಂತೆ 15 ತೂಗುಪಟ್ಟಿ, 33 ಕನೆಕ್ಟಿಂಗ್ ಕ್ಲಿಪ್. 25 ಮಿ.ಮೀ. ಡ್ರೈವಾಲ್ ಸ್ಕ್ರೂ 230 ಮಿ.ಮೀ.ಗೆ ಒಂದು, ಒಟ್ಟು 350 ಇಟ್ಟುಕೊಳ್ಳಿ.

ಅಂತರದಲ್ಲಿ ಉಳಿತಾಯ ಮಾಡಲು ಬಿಡಬೇಡಿ. 457 ಅಂದರೆ ಒಂದೂವರೆ ಅಡಿ. ಬೋರ್ಡಿನ 6 ಅಡಿ ಉದ್ದ ಸರಿಯಾಗಿ ನಾಲ್ಕು ಭಾಗವಾಗಿ, ತುದಿ ಸೆಕ್ಷನ್ನಿನ ಮೇಲೇ ಬಂದು ಕೂರಲೆಂದು ಈ ಅಳತೆ. ಎರಡಡಿ ಮಾಡಿದರೆ ಎರಡು ಮೂರು ಉದ್ದ ಉಳಿಯುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡ್ ಅಲೆಅಲೆಯಾಗಿ ಕಾಣುತ್ತದೆ. ಸ್ಕ್ರೂ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಲಿ. ಕಾಗದ ಹರಿದು ಒಳಹೋದ ಸ್ಕ್ರೂ ಹಿಡಿಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿಸಿ.

ಶೀಟಿನ ಶೆಡ್ಡಿನಲ್ಲಿ ತೂಗುಪಟ್ಟಿಯನ್ನು ಟ್ರಸ್‌ಗೆ (ಮಾಡನ್ನು ಹೊರುವ ತ್ರಿಕೋನ ಚೌಕಟ್ಟಿಗೆ) ಅಥವಾ ಅಡ್ಡಪೈಪಿಗೆ ಬಿಗಿಯಬೇಕು, ಶೀಟಿಗೆ ಅಲ್ಲ. ಕಬ್ಬಿಣದ ಟ್ರಸ್ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ, ಗಾಳಿಗೆ ಅಲುಗುತ್ತದೆ. ಬೋರ್ಡ್ ಜೋಡಣೆಯ ಟೇಪು ಎಳೆಯಷ್ಟು ಸೀಳುವುದು ಇದರಿಂದಲೇ.

ಸೀಲಿಂಗಿನ ಮೇಲಿನ ಜಾಗದಲ್ಲಿ ಗಾಳಿಯಾಡಲು ಎಷ್ಟು ಕಿಂಡಿ ಬಿಡಬೇಕು?

ಸೀಲಿಂಗ್ ವಿಸ್ತೀರ್ಣದ ನೂರೈವತ್ತರಲ್ಲಿ ಒಂದು ಭಾಗ, ನಿಜವಾಗಿ ತೆರೆದಿರುವ ಜಾಗ. 216 ಚದರಡಿಗೆ ಸುಮಾರು ಒಂದೂವರೆ ಚದರಡಿ. ಜಾಲರಿ ಅರ್ಧ ಜಾಗ ತಿನ್ನುತ್ತದೆ, ಹಾಗಾಗಿ 10 × 6 ಇಂಚಿನ ಎಂಟು ಕಿಂಡಿ ಬೇಕು. ಅರ್ಧ ಸೂರಿನ ಮಟ್ಟದಲ್ಲಿ, ಇನ್ನರ್ಧ ತ್ರಿಕೋನ ಗೋಡೆಯಲ್ಲಿ ನೆತ್ತಿಗೆ ಹತ್ತಿರ. ಕೆಳಗಿಂದ ಬಂದ ಗಾಳಿ ಕಾದು ಮೇಲಿಂದ ಹೋಗುತ್ತದೆ. ಜಾಲರಿಯ ಕಣ್ಣು 6 ಮಿ.ಮೀ.ಗಿಂತ ದೊಡ್ಡದಿದ್ದರೆ ಇಲಿಮರಿ ನುಗ್ಗುತ್ತದೆ.

ಸಿಎನ್‌ಜಿ ಕಾರು ಇದೆ, ಇನ್ವರ್ಟರ್ ಬ್ಯಾಟರಿಯೂ ಅಲ್ಲೇ ಇದೆ.

ಹಾಗಾದರೆ ಗಮನವಿಟ್ಟು ಓದಿ. ಪೆಟ್ರೋಲ್ ಆವಿ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತವೆ. ಸಿಎನ್‌ಜಿ ಹಗುರ, ಮೇಲೇರುತ್ತದೆ. ನೀರು ತುಂಬುವ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಬಿಡುವ ಹೈಡ್ರೋಜನ್ ಅದಕ್ಕಿಂತಲೂ ಹಗುರ. ತೆರೆದ ಹಂಚಿನ ಮಾಡಿನಿಂದ ಇವೆರಡೂ ತಾವಾಗಿ ಹೊರಹೋಗುತ್ತವೆ. ಬಿಗಿಯಾದ ಸೀಲಿಂಗ್ ಕೆಳಗೆ ಶೇಖರವಾಗುತ್ತವೆ, ದೀಪದ ಜೋಡಣೆ ಇರುವುದೂ ಅಲ್ಲೇ. ಸೀಲಿಂಗ್ ಹಾಕುವುದಾದರೆ ಅದರ ಕೆಳಗೇ, ಗೋಡೆಯ ತುತ್ತತುದಿಯಲ್ಲಿ, ಎದುರುಬದುರು ಎರಡು ಕಿಂಡಿ ಮುಚ್ಚದೆ ಇಡಿ. ಇದು ಸೀಲಿಂಗಿನ ಮೇಲಿನ ಕಿಂಡಿಗಳ ಲೆಕ್ಕಕ್ಕೆ ಸೇರುವುದಿಲ್ಲ.

ಸೀಲಿಂಗಿನ ಮೇಲೆ ಅಟ್ಟದ ಹಾಗೆ ಸಾಮಾನು ಇಡಬಹುದೇ? ಫ್ಯಾನ್ ತೂಗುಹಾಕಬಹುದೇ?

ಎರಡೂ ಇಲ್ಲ. ಆ ಚೌಕಟ್ಟು ತನ್ನ ಬೋರ್ಡನ್ನು ಹೊರುವುದಕ್ಕಷ್ಟೇ ಇರುವುದು. ಫ್ಯಾನಿನ ಕೊಕ್ಕೆ ಟ್ರಸ್ ಅಥವಾ ತೊಲೆಯಿಂದ ಇಳಿಯಬೇಕು, ಬೋರ್ಡಿನಲ್ಲಿ ಅದಕ್ಕೆ ತೂತು ಮಾತ್ರ. ಅಟ್ಟ ಬೇಕಿದ್ದರೆ ಗೋಡೆಯಿಂದ ಗೋಡೆಗೆ ಬೇರೆಯೇ ತೊಲೆ ಕೊಟ್ಟು ಶೆಡ್ಡಿನ ಹಿಂದಿನ ಮೂರನೇ ಒಂದು ಭಾಗದಲ್ಲಿ ಮಾಡಿಸಿ.

ಎತ್ತರ ಎಷ್ಟಿರಬೇಕು?

ಮುಗಿದ ಮೇಲೆ ನೆಲದಿಂದ 8 ಅಡಿಗೆ ಕಡಿಮೆಯಾಗಬಾರದು. ದೊಡ್ಡ ಕಾರಿನ ಹಿಂಬಾಗಿಲು ಮೇಲೆತ್ತಿದರೆ 7 ಅಡಿ ದಾಟುತ್ತದೆ. ರೋಲಿಂಗ್ ಷಟರ್ ಇದ್ದರೆ ಅದರ ಸುರುಳಿ ಕೂರುವ ಜಾಗಕ್ಕಿಂತ ಮುಂಚೆಯೇ ಸೀಲಿಂಗ್ ನಿಲ್ಲಿಸಿ. ಸ್ಪ್ರಿಂಗ್ ರಿಪೇರಿಗೆ ಬಂದವರು ನಿಮ್ಮ ಬೋರ್ಡ್ ಒಡೆಯುವ ಹಾಗಾಗಬಾರದು.

ವೈರಿಂಗ್?

ಎಲ್ಲ ವೈರೂ ಪೈಪಿನೊಳಗೆ. ಜಂಕ್ಷನ್ ಬಾಕ್ಸ್ ಯಾವುದೂ ಸೀಲಿಂಗಿನ ಮೇಲೆ ಹುದುಗಬಾರದು, ಗೋಡೆಗೆ ಇಳಿಸಿ. ಇಲಿ ಕಚ್ಚಿದ ವೈರು ಒಣ ಎಲೆ, ಜೇಡರ ಬಲೆಯ ನಡುವೆ ಕಿಡಿ ಹಾರಿಸಿದರೆ ಕೆಳಗಿದ್ದವರಿಗೆ ತಕ್ಷಣ ಗೊತ್ತೂ ಆಗುವುದಿಲ್ಲ. ಏಣಿ ನಿಲ್ಲುವ ಕಡೆ, ಗೋಡೆ ಪಕ್ಕ, 2 × 2 ಅಡಿಯ ತೆಗೆಯುವ ಬಾಗಿಲು ಇಡಲೇಬೇಕು. ಮಾಡಿನ ಎರಡೂ ಇಳಿಜಾರು ಅಲ್ಲಿಂದ ಟಾರ್ಚಿನ ಬೆಳಕಿಗೆ ಸಿಗಬೇಕು.

ಹಳೇ ಆಸ್ಬೆಸ್ಟಾಸ್ ಶೀಟಿನ ಮಾಡು. ಅದಕ್ಕೇ ಸ್ಕ್ರೂ ಹೊಡೆಯಬಹುದೇ?

ಬೇಡ. ಆ ಶೀಟನ್ನು ಕೊರೆಯುವುದು, ಒಣಗಿರುವಾಗ ಉಜ್ಜುವುದು, ಒಡೆಯುವುದು ಯಾವುದೂ ಬೇಡ. ನಾರಿನ ಧೂಳು ಕ್ಯಾನ್ಸರ್ ತರುವಂಥದ್ದು. ತೂಗುಪಟ್ಟಿ ಅಡ್ಡಪೈಪಿಗೇ ಬರಲಿ. ಮೇಲೆ ಹತ್ತಿ ಕಾಲಿಡಲೂ ಬಾರದು, ಹಳೆಯ ಶೀಟು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ಕೆಲಸದ ಕ್ರಮ ಹೇಗೆ?

ಹೊಸ ಮಾಡಾದರೆ ಒಂದು ಮಳೆಗಾಲ ತೆರೆದೇ ಇರಲಿ. ಹಳೆಯದಾದರೆ ದೀಪಾವಳಿ ಕಳೆದ ಮೇಲೆ ಶುರುಮಾಡಿ. ಒಡೆದ ಹಂಚು, ನೆತ್ತಿಯ ಹಂಚಿನ ಗಾರೆ, ದಂಬೆಯ (ಮಳೆನೀರು ಹರಿಯುವ ತೂಬಿನ) ಕಸ ಎಲ್ಲ ಸರಿಮಾಡಿಸಿ. ಶೀಟಿನ ಸ್ಕ್ರೂಗಳ ರಬ್ಬರ್ ವಾಷರ್ ಉಗುರಿನಿಂದ ಒತ್ತಿ ನೋಡಿ, ಗಟ್ಟಿಯಾಗಿ ಸೀಳಿದ್ದರೆ ಬದಲಿಸಿ. ಆಮೇಲೆ ಒಂದೊಂದು ಇಳಿಜಾರಿಗೂ ಒಂದು ಗಂಟೆ ಪೈಪಿನಿಂದ ನೀರು ಬಿಡಿ, ಒಬ್ಬರು ಒಳಗೆ ನಿಂತು ಸೋರಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಲಿ. ಮರಕ್ಕೆ ಒರಲೆ ಔಷಧಿ ಈಗಲೇ ಕೊಡಬೇಕು, ಮುಚ್ಚಿದ ಮೇಲೆ ಕೈ ಹೋಗುವುದಿಲ್ಲ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವವರು ಪೂರ್ತಿ ಒಣಗುವವರೆಗೆ ಕಾಯಿರಿ. ವೈರಿಂಗ್, ಕಿಂಡಿ, ಜಾಲರಿ ಆದಮೇಲೆ ಚೌಕಟ್ಟು, ಕೊನೆಗೆ ಬೋರ್ಡು.

ನಾವು ಅಮೆರಿಕದಲ್ಲಿದ್ದೇವೆ. ಅಲ್ಲಿನ ಗ್ಯಾರೇಜಿಗೂ ಇದೇ ಮಾತೇ?

ಅಲ್ಲ. ಅಲ್ಲಿ ಗ್ಯಾರೇಜು ಮನೆಗೆ ಅಂಟಿಕೊಂಡಿದ್ದರೆ ಇದು ಇಷ್ಟದ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ. ಬಹಳ ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ಐಆರ್‌ಸಿ (ಮನೆ ಕಟ್ಟುವ ಮಾದರಿ ನಿಯಮಾವಳಿ) ಪ್ರಕಾರ ಮನೆಯನ್ನೂ ಅದರ ಆಟಿಕ್ಕನ್ನೂ (ಮಾಡಿನ ಕೆಳಗಿನ ಅಟ್ಟವನ್ನೂ) ಗ್ಯಾರೇಜಿನಿಂದ ಬೇರ್ಪಡಿಸುವ ಕಡೆ ಕನಿಷ್ಠ ಅರ್ಧ ಇಂಚು ಜಿಪ್ಸಮ್ ಬೋರ್ಡ್ ಇರಬೇಕು. ಮೇಲೆ ವಾಸದ ಕೋಣೆ ಇದ್ದರೆ 5/8 ಇಂಚಿನ ಟೈಪ್ ಎಕ್ಸ್, ಅಂದರೆ ಬೆಂಕಿಗೆ ಹೆಚ್ಚು ಹೊತ್ತು ತಡೆಯುವ ಜಿಪ್ಸಮ್ ಬೋರ್ಡ್. ಮನೆಯಿಂದ ದೂರ ನಿಂತ ಬಿಡಿ ಗ್ಯಾರೇಜಿಗೆ ಸಾಮಾನ್ಯವಾಗಿ ಈ ಕಟ್ಟುಪಾಡಿಲ್ಲ. ಟ್ರಸ್‌ನ ಕೆಳಪಟ್ಟಿ ಸೀಲಿಂಗ್ ತೂಕಕ್ಕೆ ಲೆಕ್ಕಹಾಕಿದ್ದೋ ಅಲ್ಲವೋ ಎಂದು ನಕ್ಷೆಯಲ್ಲಿ ನೋಡಿ. ಟ್ರಸ್ 24 ಇಂಚು ಅಂತರದಲ್ಲಿದ್ದರೆ ಮಾಮೂಲಿ ಅರ್ಧ ಇಂಚಿನ ಬೋರ್ಡ್ ಜೋತುಬೀಳಬಹುದು, 5/8 ಹಾಕಿ. ಮಡಚುವ ಏಣಿಗೆಂದು ಟ್ರಸ್ ಕತ್ತರಿಸಬೇಡಿ. ಬೇರ್ಪಡಿಸುವ ಬೋರ್ಡಿನಲ್ಲಿ ಮಾಮೂಲಿ ಮಡಚೇಣಿ ಕೂರಿಸಿದರೆ ಬೆಂಕಿತಡೆಯೂ ಅಲ್ಲಿಗೇ ಹರಿದಂತೆ. ಊರಿನ ಬಿಲ್ಡಿಂಗ್ ಇಲಾಖೆಯ ಮಾತೇ ಕೊನೆಯದು.

ಈಗಾಗಲೇ ಮುಚ್ಚಿಸಿಯಾಗಿದೆ. ಬೋರ್ಡಿನ ಮೇಲೆ ಕಂದು ಕಲೆ ಮೂಡಿದೆ.

ಪೇಂಟ್ ಹೊಡೆಯಬೇಡಿ. ಕಲೆಯ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ ದಿನಾಂಕ ಬರೆಯಿರಿ, ಮುಂದಿನ ಮಳೆಯ ನಂತರ ಗೆರೆ ದಾಟಿದೆಯೇ ನೋಡಿ. ಮಳೆಯಿಲ್ಲದೆಯೂ ದಾಟಿದ್ದರೆ ಅದು ಶೀಟಿನ ಬೆವರು. ಸೋರಿಕೆಯೇ ಆದರೆ ಕಲೆಯ ನೇರ ಮೇಲೆ ಹುಡುಕಬೇಡಿ: ನೀರು ಪಕ್ಕಾಸಿನ ಗುಂಟ ಜಾರಿ ಬಂದು ಎಲ್ಲಿ ಗಂಟೋ ಮೊಳೆಯೋ ಸಿಗುತ್ತದೋ ಅಲ್ಲಿ ತೊಟ್ಟಿಕ್ಕುತ್ತದೆ. ತೆಗೆಯುವ ಬಾಗಿಲಿನಿಂದ ಟಾರ್ಚ್ ಬಿಟ್ಟು ಅದೇ ಪಕ್ಕಾಸನ್ನು ನೆತ್ತಿಯ ಕಡೆಗೆ ನೋಡುತ್ತಾ ಹೋಗಿ, ಮರದ ಬಣ್ಣ ಕಪ್ಪಿನಿಂದ ಮಾಮೂಲಿಗೆ ತಿರುಗುವ ಜಾಗ ಸಿಗುತ್ತದೆ. ಒಡೆದ ಹಂಚು ಅದರ ಆಸುಪಾಸಿನಲ್ಲೇ ಇರುತ್ತದೆ. ಬೋರ್ಡ್ ಒತ್ತಿದಾಗ ಮೆತ್ತಗಿದ್ದರೆ ಆ ಭಾಗವನ್ನು ಸೆಕ್ಷನ್ನಿನಿಂದ ಸೆಕ್ಷನ್ನಿಗೆ ಕತ್ತರಿಸಿ ತೆಗೆದು, ಮೇಲಿನ ಮರ ಪೂರ್ತಿ ಒಣಗಿದ ಮೇಲೆ ಹೊಸ ತುಂಡು ಹಾಕಿಸಿ.